ಒಂದು ಟವಲು ಹಾಸುವಷ್ಟು ಜಾಗ

ಜುಲೈ ತಿಂಗಳ ಬೆಳಗು. ಗ್ರೀಸ್ ದೇಶದ ಏಜಿಯನ್ ಸಮುದ್ರದ ನಡುವಿನ ಪಾರೋಸ್ ದ್ವೀಪ. ಬಸ್ಸಿನಿಂದ ಇಳಿದ ನಾಲ್ಕಾರು ಗೆಳೆಯ ಗೆಳತಿಯರ ಗುಂಪೊಂದು ಕಡಲ ಕಡೆಗೆ ಹೆಜ್ಜೆ ಹಾಕುತ್ತದೆ. ಹೆಗಲ ಮೇಲೆ ಟವಲು, ಚೀಲದಲ್ಲಿ ಒಂದು ಕಲ್ಲಂಗಡಿ, ನೀರಿನ ಬಾಟಲಿ, ಎರಡು ಮರದ ಬ್ಯಾಟು, ಒಂದು ಚೆಂಡು. ಮರಳಿನ ಮೇಲೆ ಟವಲು ಹಾಸಿ, ಕಲ್ಲಂಗಡಿಯನ್ನು ತಂಪಾಗಲೆಂದು ನೀರಂಚಿನ ಕಲ್ಲುಗಳ ನಡುವೆ ಇಟ್ಟು, ಒಬ್ಬೊಬ್ಬರಾಗಿ ನೀರಿಗಿಳಿಯುತ್ತಾರೆ. ಸಂಜೆಯವರೆಗೆ ಅವರಿಗೆ ಬೇರೆ ಕೆಲಸವಿಲ್ಲ.

ಗ್ರೀಸಿನ ದ್ವೀಪಗಳ ಬಗ್ಗೆ ಪ್ರವಾಸಿ ಪುಸ್ತಿಕೆಗಳು ಮಾರುವ ಚಿತ್ರ ಇದೇ. ನೀಲಿ ನೀರು, ಸುಣ್ಣ ಬಳಿದ ಬಿಳಿ ಮನೆಗಳು, ಮೋಡವಿಲ್ಲದ ಆಕಾಶ, ಅವಸರವಿಲ್ಲದ ಜನ. ಆದರೆ ಈ ಒಂದು ದಿನದ ಹಿಂದೆ ಸಾವಿರಾರು ವರ್ಷಗಳ ಕಥೆಯಿದೆ, ಏಷ್ಯಾದ ಮಳೆಗಾಲದ ಪಾಲಿದೆ, ರೋಮನ್ ಚಕ್ರವರ್ತಿಯೊಬ್ಬನ ಕಾನೂನಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇತ್ತೀಚಿನ ವರ್ಷಗಳಲ್ಲಿ ಬೀದಿಗಿಳಿದ ಒಂದು ಪ್ರಶ್ನೆಯಿದೆ: ಆ ಟವಲು ಹಾಸುವಷ್ಟು ಜಾಗ ಯಾರದು?

ಹಳೆಯ ವಿಹಾರ

ಗೆಳೆಯರೊಡನೆ ಕಡಲತೀರದಲ್ಲಿ ಕಳೆಯುವ ದಿನದ ವರ್ಣನೆ ಗ್ರೀಕ್ ಸಾಹಿತ್ಯದಲ್ಲಿ ಬಹಳ ಹಿಂದೆಯೇ ಬರುತ್ತದೆ. ಹೋಮರನ ‘ಒಡಿಸ್ಸಿ’ ಮಹಾಕಾವ್ಯದ ಆರನೆಯ ಭಾಗದಲ್ಲಿ ರಾಜಕುಮಾರಿ ನೌಸಿಕಾ ತನ್ನ ಸಖಿಯರೊಂದಿಗೆ ಬಂಡಿ ಕಟ್ಟಿಕೊಂಡು ನದಿ ಕಡಲನ್ನು ಸೇರುವ ಕಡೆಗೆ ಹೊರಡುತ್ತಾಳೆ. ನೆಪ ಬಟ್ಟೆ ಒಗೆಯುವುದು. ಒಗೆದ ಬಟ್ಟೆಗಳನ್ನು ದಡದ ನುಣುಪುಗಲ್ಲುಗಳ ಮೇಲೆ ಹರವಿ, ಸ್ನಾನ ಮಾಡಿ, ಮೈಗೆ ಆಲಿವ್ ಎಣ್ಣೆ ಹಚ್ಚಿಕೊಂಡು, ತಂದ ಬುತ್ತಿ ಬಿಚ್ಚಿ ಉಂಡು, ಬಟ್ಟೆ ಒಣಗುವವರೆಗೆ ಅವರು ಚೆಂಡಾಟವಾಡುತ್ತಾರೆ. ಚೆಂಡು ನೀರಿಗೆ ಬಿದ್ದಾಗ ಎದ್ದ ಕೂಗಿಗೆ, ಹಡಗು ಒಡೆದು ದಡ ಸೇರಿ ಪೊದೆಯಲ್ಲಿ ಮಲಗಿದ್ದ ಒಡಿಸ್ಯೂಸ್ ಎಚ್ಚರಗೊಳ್ಳುತ್ತಾನೆ. ಸುಮಾರು 2,700 ವರ್ಷಗಳ ಹಿಂದಿನ ಕಾವ್ಯ ಇದು. ಎಣ್ಣೆಯ ಬದಲು ಇಂದು ಬಿಸಿಲು ತಡೆಯುವ ಮುಲಾಮು ಬಂದಿದೆ ಎಂಬುದನ್ನು ಬಿಟ್ಟರೆ ಕಾರ್ಯಕ್ರಮ ಹೆಚ್ಚು ಬದಲಾಗಿಲ್ಲ. ಮರದ ಬ್ಯಾಟುಗಳಿಂದ ಚೆಂಡನ್ನು ಅತ್ತಿತ್ತ ಹೊಡೆಯುವ ‘ರಕೇಟೆಸ್’ ಆಟದ ಟಕ್ ಟಕ್ ಸದ್ದು ಕೇಳದ ಕಡಲತೀರ ಗ್ರೀಸಿನಲ್ಲಿ ಅಪರೂಪ.

ಈಜು ಬರುವುದನ್ನು ಪ್ರಾಚೀನ ಗ್ರೀಕರು ಅಕ್ಷರ ಬರುವುದಕ್ಕೆ ಸಮನಾಗಿ ಎಣಿಸುತ್ತಿದ್ದರು. ಓದಲೂ ಬಾರದ, ಈಜಲೂ ಬಾರದ ಮನುಷ್ಯ ಎಂಬುದು ಅವರಲ್ಲಿ ಅಜ್ಞಾನಿಯನ್ನು ಕುರಿತ ಗಾದೆ. ಪ್ಲೇಟೋ ಅದನ್ನು ತನ್ನ ಗ್ರಂಥವೊಂದರಲ್ಲಿ ಪ್ರಸ್ತಾಪಿಸಿದ್ದಾನೆ. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧದಲ್ಲಿ ಹಡಗು ಮುಳುಗಿದ ಗ್ರೀಕರು ಈಜಿ ದಡ ಸೇರಿದರು, ಈಜು ಬಾರದ ಪರ್ಶಿಯನ್ನರಲ್ಲಿ ಬಹಳ ಮಂದಿ ಮುಳುಗಿದರು ಎಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಕಡಲಿಗೆ ಬೆನ್ನು ಹಾಕಿದ ಊರುಗಳು

ಹಾಗೆಂದು ದ್ವೀಪದ ಜನ ಎಲ್ಲ ಕಾಲದಲ್ಲೂ ಕಡಲತೀರದಲ್ಲಿ ನಿಶ್ಚಿಂತೆಯಿಂದ ಕಾಲು ಚಾಚಿದ್ದರು ಎಂದುಕೊಳ್ಳುವಂತಿಲ್ಲ. ಮಧ್ಯಯುಗದಿಂದ 19ನೇ ಶತಮಾನದ ಆರಂಭದವರೆಗೂ ಏಜಿಯನ್ ಸಮುದ್ರ ಕಡಲ್ಗಳ್ಳರ ಬೀಡಾಗಿತ್ತು. ಕಡಲಿನಿಂದ ಬರುವುದು ಮೀನು ಮಾತ್ರವಲ್ಲ, ಸಾವು ಮತ್ತು ಸೆರೆ ಕೂಡ ಆಗಿತ್ತು. 1537ರಲ್ಲಿ ಆಟೊಮನ್ ನೌಕಾಪಡೆಯ ಮುಖ್ಯಸ್ಥ ಬಾರ್ಬರೋಸಾ ಏಜಿಯನ್ ದ್ವೀಪಗಳ ಮೇಲೆ ಎರಗಿದಾಗ ಐಜೀನಾ, ಪಾರೋಸ್ ಮುಂತಾದ ದ್ವೀಪಗಳ ಸಾವಿರಾರು ಮಂದಿ ಗುಲಾಮರಾಗಿ ಹೋದರು.

ಅನೇಕ ದ್ವೀಪಗಳಲ್ಲಿ ಹಳೆಯ ಮುಖ್ಯ ಊರು ನೀರಂಚಿನಲ್ಲಿಲ್ಲದೆ ಗುಡ್ಡದ ಮೇಲೆ ಇರುವುದಕ್ಕೆ ಇದೇ ಕಾರಣ. ಸೆರಿಫೋಸ್, ಆಸ್ಟಿಪಾಲಿಯ, ಪಾಟ್ಮೋಸ್ ದ್ವೀಪಗಳ ಊರುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಒಂದಕ್ಕೊಂದು ಆತು ನಿಂತ ಮನೆಗಳು, ಹಾವಿನಂತೆ ಹೊರಳುವ ಇಕ್ಕಟ್ಟಾದ ಓಣಿಗಳು. ಇಂದು ಪ್ರವಾಸಿಗರು ಫೋಟೋ ತೆಗೆಯುವ ಈ ಓಣಿಗಳು ಒಂದು ಕಾಲಕ್ಕೆ ಕೋಟೆಯ ಕೆಲಸ ಮಾಡಿದವು. ಪಾರೋಸ್‌ನಲ್ಲಿಯೂ ಜನ ಒಳನಾಡಿನ ಗುಡ್ಡದ ಮೇಲಿನ ಲೆಫ್ಕೆಸ್ ಎಂಬ ಹಳ್ಳಿಯಲ್ಲಿ ಆಶ್ರಯ ಪಡೆದಿದ್ದರು.

ಕಡಲತೀರದ ಜಮೀನಿಗೆ ಬೆಲೆಯೂ ಇರಲಿಲ್ಲ. ಉಪ್ಪುಗಾಳಿಗೆ ದ್ರಾಕ್ಷಿ, ಬಾರ್ಲಿ ಸರಿಯಾಗಿ ಬೆಳೆಯದು. ಒಳನಾಡಿನ ಒಳ್ಳೆಯ ಹೊಲ ಗಂಡುಮಕ್ಕಳಿಗೆ, ಮರಳುಗಾಡಿನಂಥ ತೀರದ ತುಂಡು ಹೆಣ್ಣುಮಕ್ಕಳಿಗೆ ಎಂದು ಪಾಲಾಗುತ್ತಿತ್ತು ಎಂಬ ಮಾತು ದ್ವೀಪಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪ್ರವಾಸೋದ್ಯಮ ಬಂದ ಮೇಲೆ ಆ ತುಂಡುಗಳೇ ಚಿನ್ನವಾದವು ಎಂದು ಹೇಳಿ ಹಿರಿಯರು ನಗುತ್ತಾರೆ.

ಬದಲಾವಣೆ ಬಂದದ್ದು ಎರಡನೇ ಮಹಾಯುದ್ಧ ಮತ್ತು ಅದರ ಬೆನ್ನಿಗೇ ನಡೆದ ಅಂತರ್ಯುದ್ಧ 1949ರಲ್ಲಿ ಮುಗಿದ ನಂತರ. ಬಡತನದಿಂದ ನಲುಗಿದ್ದ ಸರ್ಕಾರ ವಿದೇಶಿ ವಿನಿಮಯಕ್ಕಾಗಿ ಪ್ರವಾಸೋದ್ಯಮದತ್ತ ನೋಡಿತು. 1950ರ ದಶಕದಲ್ಲಿ ‘ಕ್ಸೀನಿಯ’ ಎಂಬ ಹೆಸರಿನಲ್ಲಿ ಸರ್ಕಾರಿ ಹೋಟೆಲುಗಳು ಎದ್ದವು. ಅತಿಥಿಸತ್ಕಾರಕ್ಕೆ ಪ್ರಾಚೀನ ಗ್ರೀಕರು ಬಳಸುತ್ತಿದ್ದ ಶಬ್ದದಿಂದಲೇ ಆ ಹೆಸರನ್ನು ಪಡೆಯಲಾಗಿತ್ತು. 1953ರಲ್ಲಿ ಆಗಿನ ನಾಣ್ಯ ಡ್ರಾಕ್ಮಾದ ಮೌಲ್ಯವನ್ನು ಅರ್ಧಕ್ಕೆ ಇಳಿಸಿದ್ದರಿಂದ ವಿದೇಶಿಯರಿಗೆ ಗ್ರೀಸ್ ಅಗ್ಗವಾಯಿತು. 1964ರಲ್ಲಿ ಬಂದ ‘ಜೋರ್ಬಾ ದಿ ಗ್ರೀಕ್’ ಚಿತ್ರದ ಕೊನೆಯಲ್ಲಿ ಇಬ್ಬರು ಗೆಳೆಯರು ಕಡಲತೀರದಲ್ಲಿ ಕುಣಿಯುವ ದೃಶ್ಯ ಚಿತ್ರಿತವಾದದ್ದು ಕ್ರೀಟ್ ದ್ವೀಪದ ಸ್ಟಾವ್ರೋಸ್ ಎಂಬಲ್ಲಿ. ಎಲ್ಲ ಕಳೆದುಕೊಂಡರೂ ಕಡಲ ಮುಂದೆ ಕುಣಿಯಬಹುದು ಎಂಬ ಚಿತ್ರವನ್ನು ಅದು ಜಗತ್ತಿನ ಕಣ್ಣಲ್ಲಿ ನಿಲ್ಲಿಸಿತು. ಅಲ್ಲಿಂದ ಮುಂದೆ ವಿಮಾನಗಳು, ದೊಡ್ಡ ಹಡಗುಗಳು ಬಂದವು. ಸುಮಾರು ಒಂದು ಕೋಟಿ ಜನರಿರುವ ದೇಶಕ್ಕೆ 2023ರಲ್ಲಿ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಮೂರು ಕೋಟಿಗೂ ಹೆಚ್ಚು.

ನಮ್ಮ ಮಳೆ, ಅವರ ಬಿಸಿಲು

ಪಾರೋಸ್‌ನ ಗೆಳೆಯರ ಗುಂಪು ನೀರಿನಿಂದ ಮೇಲೆ ಬಂದು ಟವಲಿನ ಮೇಲೆ ಮಲಗಿದರೆ ಮೈಮೇಲೆ ಸುಳಿಯುವುದು ‘ಮೆಲ್ಟೆಮಿ’ ಎಂಬ ಗಾಳಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಬೀಸುವ ಒಣ ಗಾಳಿ ಇದು. ಇದಿಲ್ಲದಿದ್ದರೆ ದ್ವೀಪಗಳ ಬೇಸಿಗೆ ಸಹಿಸಲಸಾಧ್ಯ. ಇದು ಜೋರಾದ ದಿನ ಸಣ್ಣ ದೋಣಿಗಳು ಹೊರಡುವುದಿಲ್ಲ, ಛತ್ರಿಗಳು ಹಾರುತ್ತವೆ. ಆಗ ತಿಳಿದವರು ಬೆಟ್ಟದ ಮರೆಯಿರುವ ದಕ್ಷಿಣದ ತೀರ ಹುಡುಕುತ್ತಾರೆ. ಯಾವ ಗಾಳಿಗೆ ಯಾವ ತೀರ ಎಂಬ ಲೆಕ್ಕ ದ್ವೀಪದ ಮಕ್ಕಳಿಗೂ ಗೊತ್ತು.

ಪ್ರಾಚೀನ ಗ್ರೀಕರು ಈ ಗಾಳಿಯನ್ನು ಕರೆದದ್ದು ‘ವರ್ಷವರ್ಷವೂ ಬರುವುದು’ ಎಂಬ ಅರ್ಥದ ಹೆಸರಿನಿಂದ. ನಮ್ಮ ‘ಮಾನ್ಸೂನ್’ ಪದದ ಮೂಲವಾದ ಅರಬ್ಬಿ ಶಬ್ದಕ್ಕೂ ‘ಋತು’ ಎಂದೇ ಅರ್ಥ. ಹೆಸರಿನ ಹೋಲಿಕೆ ಆಕಸ್ಮಿಕ. ಆದರೆ ಎರಡಕ್ಕೂ ಇರುವ ನಂಟು ಆಕಸ್ಮಿಕವಲ್ಲ. ದಕ್ಷಿಣ ಏಷ್ಯಾದಲ್ಲಿ ಮಳೆಗಾಲ ಆರಂಭವಾದಾಗ ಮೋಡ ಕಟ್ಟುವ ಕ್ರಿಯೆಯಲ್ಲಿ ಅಪಾರ ಶಾಖ ಬಿಡುಗಡೆಯಾಗಿ ಗಾಳಿ ಮೇಲೇರುತ್ತದೆ. ಇದರ ಪರಿಣಾಮವಾಗಿ ಪಶ್ಚಿಮದಲ್ಲಿ, ಅಂದರೆ ಪೂರ್ವ ಮೆಡಿಟರೇನಿಯನ್ ಮತ್ತು ಸಹಾರಾ ಮೇಲೆ, ಗಾಳಿ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಬ್ರಿಟನ್ನಿನ ಇಬ್ಬರು ಹವಾಮಾನ ವಿಜ್ಞಾನಿಗಳು 1996ರಲ್ಲಿ ಇದನ್ನು ವಿವರಿಸಿದರು. ಪಶ್ಚಿಮ ಘಟ್ಟದಲ್ಲಿ ಜಡಿಮಳೆ ಹಿಡಿದ ದಿನಗಳಲ್ಲಿ ಪಾರೋಸ್‌ನ ಆಕಾಶ ಶುಭ್ರವಾಗಿದ್ದರೆ ಅದರಲ್ಲಿ ನಮ್ಮ ಮಳೆಗಾಲದ ಪಾಲೂ ಉಂಟು.

ನೀರು ಅಷ್ಟೊಂದು ತಿಳಿಯಾಗಿ ಕಾಣುವುದೇಕೆ? ಕಾರಣ ಸ್ವಲ್ಪ ವಿಚಿತ್ರ. ಅದು ಬಡ ಕಡಲು. ಸುತ್ತ ದೊಡ್ಡ ನದಿಗಳಿಲ್ಲದ ಕಾರಣ ಮಣ್ಣು, ಪೋಷಕಾಂಶ ಕಡಿಮೆ. ಪೋಷಕಾಂಶ ಕಡಿಮೆಯಾದುದರಿಂದ ನೀರನ್ನು ಮಸುಕು ಮಾಡುವ ಸೂಕ್ಷ್ಮ ಸಸ್ಯಗಳೂ ಕಡಿಮೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಹೊಳೆಗಳು ಕಡಲಿಗೆ ಕೆಸರು ತರುತ್ತವೆ, ಜೊತೆಗೆ ಬಂಗುಡೆ, ಭೂತಾಯಿಗಳಿಗೆ ಆಹಾರವನ್ನೂ ಒದಗಿಸುತ್ತವೆ. ಏಜಿಯನ್‌ನಲ್ಲಿ ನೋಟಕ್ಕೆ ಸೊಗಸು, ಬಲೆಗೆ ಬೀಳುವುದು ಅಲ್ಪ. ಭರತ ಇಳಿತಗಳೂ ಅಲ್ಲಿ ಕೆಲವೇ ಸೆಂಟಿಮೀಟರುಗಳ ಲೆಕ್ಕದಲ್ಲಿರುತ್ತವೆ. ಬೆಳಗ್ಗೆ ಹಾಸಿದ ಟವಲನ್ನು ಸಂಜೆಯವರೆಗೂ ಹಿಂದಕ್ಕೆ ಎಳೆಯಬೇಕಾದ ಪ್ರಸಂಗ ಬರುವುದಿಲ್ಲ.

ದಡದಲ್ಲಿ ಕೆಲವೊಮ್ಮೆ ಕಂದು ಬಣ್ಣದ ಒಣ ಎಲೆಗಳ ರಾಶಿ ಬಿದ್ದಿರುತ್ತದೆ. ಪ್ರವಾಸಿಗರು ಅದನ್ನು ಕಸವೆಂದು ಮೂಗು ಮುರಿಯುತ್ತಾರೆ. ಅದು ‘ಪೊಸಿಡೋನಿಯ’ ಎಂಬ ಕಡಲಹುಲ್ಲಿನ ಉದುರಿದ ಎಲೆ. ನೀರಿನಡಿಯಲ್ಲಿ ಈ ಹುಲ್ಲು ಮೀನುಮರಿಗಳಿಗೆ ತೊಟ್ಟಿಲು. ದಡಕ್ಕೆ ಬಂದು ಬಿದ್ದ ಎಲೆರಾಶಿ ಚಳಿಗಾಲದ ಅಲೆಗಳಿಂದ ಮರಳನ್ನು ಕಾಯುವ ತಡೆಗೋಡೆ. ತೀರವನ್ನು ಚೊಕ್ಕಟವಾಗಿಡಲು ಅದನ್ನು ಯಂತ್ರದಿಂದ ಗೋರಿ ತೆಗೆದರೆ ತೀರವೇ ಕರಗುತ್ತದೆ.

‘ಪರೆಯಾ’ ಎಂಬ ಸಂಪತ್ತು

ಮಧ್ಯಾಹ್ನವಾಗುತ್ತಿದ್ದಂತೆ ಗುಂಪು ‘ತವೆರ್ನ’ ಎಂದು ಕರೆಯುವ ಊಟದ ಮನೆಯ ನೆರಳಿಗೆ ಸರಿಯುತ್ತದೆ. ಹಗ್ಗದ ಮೇಲೆ ಬಟ್ಟೆಯಂತೆ ಒಣಗಲು ಹಾಕಿದ ಆಕ್ಟೋಪಸ್, ಟೊಮೆಟೊ, ಸೌತೆ, ಈರುಳ್ಳಿ, ಆಲಿವ್ ಕಾಯಿಗಳ ಮೇಲೆ ಗಿಣ್ಣದ ದಪ್ಪ ತುಂಡು ಇಟ್ಟ ಸಲಾಡ್, ನೀರು ಬೆರೆಸಿದೊಡನೆ ಹಾಲಿನಂತೆ ಬೆಳ್ಳಗಾಗುವ ಊಜೊ ಎಂಬ ಮದ್ಯ. ಊಜೊದಲ್ಲಿರುವ ಸೋಂಪಿನಂಥ ಕಾಳಿನ ಎಣ್ಣೆ ಮದ್ಯಸಾರದಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಬಣ್ಣ ಬದಲಾಗುವುದು ಅದರಿಂದ. ಕುಡಿಯದವರ ಮುಂದೆ ನೊರೆ ತುಂಬಿದ ತಣ್ಣನೆಯ ‘ಫ್ರಾಪೆ’ ಕಾಫಿ. 1957ರಲ್ಲಿ ಥೆಸಲೊನಿಕಿ ನಗರದ ವಸ್ತುಪ್ರದರ್ಶನದಲ್ಲಿ ಬಿಸಿನೀರು ಸಿಗದೆ ಒಬ್ಬರು ಕಾಫಿಪುಡಿಯನ್ನು ತಣ್ಣೀರಿನಲ್ಲೇ ಕುಲುಕಿ ಕುಡಿದದ್ದರಿಂದ ಹುಟ್ಟಿದ ಪಾನೀಯ ಇದೆಂದು ಪ್ರತೀತಿ. ಒಂದು ಲೋಟ ಫ್ರಾಪೆಯನ್ನು ಎರಡು ತಾಸು ಹೀರುವುದು ಗ್ರೀಕರಿಗೆ ಸಹಜ.

ತಟ್ಟೆಗಳು ಮೇಜಿನ ನಡುವೆ ಬರುತ್ತವೆ. ‘ನನ್ನದು’, ‘ನಿನ್ನದು’ ಎಂಬ ಭೇದವಿಲ್ಲದೆ ಎಲ್ಲರೂ ಎಲ್ಲದರಿಂದ ತಿನ್ನುತ್ತಾರೆ. ಹೀಗೆ ಕೂಡಿದ ಗುಂಪಿಗೆ ಗ್ರೀಕರು ‘ಪರೆಯಾ’ ಎನ್ನುತ್ತಾರೆ. ಗೆಳೆಯರ ಕೂಟ, ಒಡನಾಟ ಎಂಬ ಎರಡೂ ಅರ್ಥ ಅದಕ್ಕಿದೆ. ಎಲ್ಲಿಗೆ ಹೋದೆ ಎನ್ನುವುದಕ್ಕಿಂತ ಯಾವ ಪರೆಯಾದೊಂದಿಗೆ ಹೋದೆ ಎನ್ನುವುದು ಅಲ್ಲಿ ದೊಡ್ಡದು. ಊಟ ಮುಗಿದ ಮೇಲೆ ದ್ವೀಪವೇ ಮಲಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಗದ್ದಲ ಮಾಡಬಾರದು ಎಂಬುದು ಅಲ್ಲಿ ಬರೀ ಮರ್ಯಾದೆಯಲ್ಲ, ನಿಯಮ.

ಇದೆಲ್ಲ ದುಡ್ಡಿದ್ದವರ ಸುಖವಾಗಿರಲಿಲ್ಲ. 2010ರಲ್ಲಿ ಆರಂಭವಾದ ಸಾಲದ ಬಿಕ್ಕಟ್ಟಿನಲ್ಲಿ ಸಂಬಳ, ಪಿಂಚಣಿಗಳು ಕಡಿತಗೊಂಡಾಗಲೂ ಸಾಮಾನ್ಯ ಗ್ರೀಕ್ ಕುಟುಂಬಕ್ಕೆ ಉಳಿದಿದ್ದ ಸುಖವೆಂದರೆ ಟವಲು ಹಿಡಿದು ಕಡಲಿಗೆ ಹೋಗುವುದು. ಅದಕ್ಕೆ ಟಿಕೆಟ್ ಇರಲಿಲ್ಲ. ಮನೆಯಿಂದ ದೂರ ಒಂದು ವಾರದ ರಜೆಯ ಖರ್ಚನ್ನು ಭರಿಸಲಾಗದವರು ಇಂದಿಗೂ ಆ ದೇಶದಲ್ಲಿ ಅರ್ಧಕ್ಕೆ ಹತ್ತಿರವಿದ್ದಾರೆ ಎಂದು ಯುರೋಪಿನ ಅಂಕಿಅಂಶ ಇಲಾಖೆ ಹೇಳುತ್ತದೆ.

ಟವಲಿನ ಚಳವಳಿ

ಈ ಹಿನ್ನೆಲೆಯಲ್ಲಿ 2023ರ ಬೇಸಿಗೆಯ ಘಟನೆಗಳನ್ನು ನೋಡಬೇಕು. ಪಾರೋಸ್‌ನ ಅನೇಕ ತೀರಗಳಲ್ಲಿ ಬಾಡಿಗೆಯ ಒರಗುಮಂಚಗಳು ಮತ್ತು ಛತ್ರಿಗಳು ಸಾಲುಸಾಲಾಗಿ ನೀರಿನಂಚಿನವರೆಗೂ ಬಂದಿದ್ದವು. ಪರವಾನಗಿ ಪಡೆದವರಲ್ಲಿ ಕೆಲವರು ಕೊಟ್ಟ ಜಾಗಕ್ಕಿಂತ ಬಹಳ ಹೆಚ್ಚು ಹರಡಿಕೊಂಡಿದ್ದರು. ಪರವಾನಗಿಯೇ ಇಲ್ಲದವರೂ ಇದ್ದರು. ಎರಡು ಮಂಚ, ಒಂದು ಛತ್ರಿಗೆ ದಿನಕ್ಕೆ ಹತ್ತಾರು ಯೂರೋ. ಹೆಸರಾದ ತೀರಗಳ ಮುಂದಿನ ಸಾಲಿಗೆ ನೂರು ಯೂರೋ ದಾಟುವುದೂ ಉಂಟು. ಹುಟ್ಟಿದ ಊರಿನ ಕಡಲಲ್ಲಿ ಟವಲು ಹಾಸಲು ಜಾಗವಿಲ್ಲದ ಸ್ಥಿತಿ ದ್ವೀಪದವರದಾಯಿತು.

ಜುಲೈ ತಿಂಗಳಲ್ಲಿ ಪಾರೋಸ್‌ನ ನಿವಾಸಿಗಳು ಫಲಕ ಹಿಡಿದು ತೀರಗಳಲ್ಲಿ ಮೆರವಣಿಗೆ ನಡೆಸಿದರು. ಕಲ್ಲು ತೂರಲಿಲ್ಲ, ಛತ್ರಿ ಕೀಳಲಿಲ್ಲ. ತಮ್ಮ ಕಡಲನ್ನು ತಮಗೆ ಬಿಡಿ ಎಂದು ಕೇಳಿದರು. ಪತ್ರಿಕೆಗಳು ಇದನ್ನು ‘ಟವಲಿನ ಚಳವಳಿ’ ಎಂದು ಕರೆದವು. ಕೆಲವೇ ವಾರಗಳಲ್ಲಿ ಅದು ಪಕ್ಕದ ನಾಕ್ಸೋಸ್ ದ್ವೀಪಕ್ಕೂ ಇತರ ಕಡೆಗಳಿಗೂ ಹಬ್ಬಿತು. ಅಧಿಕಾರಿಗಳು ತೀರಗಳ ತಪಾಸಣೆಗೆ ಇಳಿದರು.

ಚಳವಳಿಗಾರರ ಕೈಯಲ್ಲಿದ್ದ ವಾದ ಹೊಸದಲ್ಲ. ಅದಕ್ಕೆ ಹದಿನೈದು ಶತಮಾನಗಳ ವಯಸ್ಸು. ಕ್ರಿ.ಶ. 533ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿ ಜಸ್ಟೀನಿಯನ್ ಪ್ರಕಟಿಸಿದ ಕಾನೂನು ಪಠ್ಯದಲ್ಲಿ ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಅದರ ತೀರ ನಿಸರ್ಗನಿಯಮದಂತೆ ಎಲ್ಲರಿಗೂ ಸೇರಿದವು ಎಂದಿತ್ತು. ಯಾರು ಬೇಕಾದರೂ ತೀರಕ್ಕೆ ಹೋಗಬಹುದು, ಗುಡಿಸಲು ಹಾಕಿಕೊಳ್ಳಬಹುದು, ಬಲೆ ಒಣಗಿಸಬಹುದು. ತೀರವೆಂದರೆ ಎಲ್ಲಿಯವರೆಗೆ? ಚಳಿಗಾಲದ ಅತಿ ದೊಡ್ಡ ಅಲೆ ಮುಟ್ಟುವವರೆಗೆ. ಗ್ರೀಸಿನ 2001ರ ಕಡಲತೀರ ಕಾನೂನು ಕೂಡ ಹೆಚ್ಚು ಕಡಿಮೆ ಇದೇ ಅಳತೆಗೋಲನ್ನು ಹಿಡಿಯುತ್ತದೆ. ವಾಡಿಕೆಯ ಅತಿ ದೊಡ್ಡ ಅಲೆಗಳು ಒದ್ದೆ ಮಾಡುವ ನೆಲ ಸಾರ್ವಜನಿಕ ಸ್ವತ್ತು. ಅದರ ಒಡೆತನ ಸರ್ಕಾರದ್ದು, ಬಳಕೆ ಎಲ್ಲರದು. ಖಾಸಗಿ ಕಡಲತೀರ ಎಂಬುದೇ ಅಲ್ಲಿ ಇಲ್ಲ. ಸರ್ಕಾರ ಅದರ ಒಂದು ಭಾಗವನ್ನು ಛತ್ರಿ, ಮಂಚ ಇಡಲು ಬಾಡಿಗೆಗೆ ಕೊಡಬಹುದು, ಅಷ್ಟೆ. ತಕರಾರು ಹುಟ್ಟಿದ್ದು ಆ ‘ಒಂದು ಭಾಗ’ ಎಷ್ಟು ಎನ್ನುವಲ್ಲಿ.

ವ್ಯಾಪಾರಿಗಳ ಮಾತನ್ನೂ ಕೇಳಬೇಕು. ದ್ವೀಪದ ಗಳಿಕೆಯ ಕಾಲ ನಾಲ್ಕೈದು ತಿಂಗಳು. ಅಷ್ಟರಲ್ಲಿ ವರ್ಷದ ಬಾಡಿಗೆ, ತೆರಿಗೆ, ಕೆಲಸಗಾರರ ಸಂಬಳ ಎಲ್ಲ ಹುಟ್ಟಬೇಕು. ಚಳಿಗಾಲದಲ್ಲಿ ಅದೇ ತೀರದಲ್ಲಿ ಬೆಕ್ಕುಗಳ ಹೊರತು ಯಾರೂ ಇರುವುದಿಲ್ಲ. ಮೆರವಣಿಗೆಯಲ್ಲಿ ನಡೆದವರ ಮನೆಯಲ್ಲೂ ಪ್ರವಾಸಿಗರಿಂದಲೇ ಒಲೆ ಉರಿಯುವವರಿದ್ದಾರೆ. ಆದರೆ ಪ್ರವಾಸಿಗರು ಹೆಚ್ಚಿದಂತೆ ಮನೆಗಳೆಲ್ಲ ಅಲ್ಪಾವಧಿ ಬಾಡಿಗೆಗೆ ಹೋಗಿ, ದ್ವೀಪದ ಶಾಲೆಗೆ ಬಂದ ಮೇಷ್ಟರಿಗೂ ಆಸ್ಪತ್ರೆಗೆ ಬಂದ ವೈದ್ಯರಿಗೂ ತಲೆಯ ಮೇಲೆ ಸೂರು ಸಿಗದಿರುವುದು ಅಷ್ಟೇ ನಿಜ.

ಮಾರ್ಚ್ 2024ರಲ್ಲಿ ಗ್ರೀಕ್ ಸರ್ಕಾರ ಹೊಸ ಕಾನೂನು ತಂದಿತು. ಅದರಂತೆ ತೀರದ ಕನಿಷ್ಠ ಶೇ. 70 ಭಾಗ ಮಂಚ, ಛತ್ರಿಗಳಿಲ್ಲದೆ ತೆರವಾಗಿರಬೇಕು. ಪರಿಸರ ರಕ್ಷಣೆಯ ಪ್ರದೇಶಗಳಲ್ಲಿ ಇದು ಶೇ. 85. ನೀರಂಚಿನಿಂದ ನಾಲ್ಕು ಮೀಟರಿನೊಳಗೆ ಏನನ್ನೂ ಇಡುವಂತಿಲ್ಲ. ಇದಲ್ಲದೆ 198 ತೀರಗಳನ್ನು ‘ಕಾಲಿಡದ ತೀರಗಳು’ ಎಂಬ ಅರ್ಥದ ಪಟ್ಟಿಗೆ ಸೇರಿಸಲಾಯಿತು. ಅಲ್ಲಿ ಈಜಲು ಅಡ್ಡಿಯಿಲ್ಲ. ಮಂಚ, ಛತ್ರಿಗಳ ವ್ಯಾಪಾರ ಮತ್ತು ಧ್ವನಿವರ್ಧಕಗಳಿಗೆ ಅವಕಾಶವಿಲ್ಲ. ನಿಯಮ ಮುರಿದವರ ಬಗ್ಗೆ ಯಾರು ಬೇಕಾದರೂ ಮೊಬೈಲ್ ಫೋನಿನಲ್ಲೇ ದೂರು ಕೊಡಬಹುದು. ಮೊದಲ ಬೇಸಿಗೆಯಲ್ಲೇ ಸಾವಿರಾರು ದೂರುಗಳು ಬಂದವು. ಕಾನೂನು ಎಷ್ಟು ಗಟ್ಟಿ ಎಂಬುದು ತಪಾಸಣೆ ಎಷ್ಟು ಗಟ್ಟಿ ಎನ್ನುವುದರ ಮೇಲೆ ನಿಂತಿದೆ ಎಂದು ದ್ವೀಪದವರು ಹೇಳುತ್ತಾರೆ.

ನಮ್ಮ ತೀರಕ್ಕೂ ತಾಗುವ ಅಲೆ

ಜಸ್ಟೀನಿಯನ್‌ನ ಕಾಲದ ಆ ವಿಚಾರ ಭಾರತಕ್ಕೂ ಬಂದಿದೆ. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಪಾತ್ರವನ್ನು ಹೋಟೆಲೊಂದಕ್ಕಾಗಿ ತಿರುಗಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಡುವಾಗ ರೋಮನ್ನರ ಈ ತತ್ವವನ್ನೇ ಆಧರಿಸಿತು. ನದಿ, ಕಡಲತೀರ, ಕಾಡು, ಗಾಳಿ ಇವುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬುದು ಅದರ ಸಾರ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಭರತದ ಗೆರೆಯಿಂದಲೇ ಅಳೆಯಲು ತೊಡಗುತ್ತದೆ.

ಇನ್ನೊಂದು ನಂಟು ನೀಲಿ ಬಾವುಟದ್ದು. ನೀರಿನ ಶುದ್ಧತೆ, ಸುರಕ್ಷತೆ, ಎಲ್ಲರಿಗೂ ಪ್ರವೇಶ ಮುಂತಾದ ಅಂಶಗಳನ್ನು ನೋಡಿ ಕೊಡುವ ಈ ಅಂತರರಾಷ್ಟ್ರೀಯ ಮಾನ್ಯತೆ 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಯಿತು. ಇತ್ತೀಚಿನ ವರ್ಷಗಳಲ್ಲಿ ಇದನ್ನು ಪಡೆದ ಗ್ರೀಸಿನ ತೀರಗಳು 600ಕ್ಕೂ ಹೆಚ್ಚು. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರ ಅಕ್ಟೋಬರಿನಲ್ಲಿ ಇದು ಸಿಕ್ಕಿತು. ಬಾವುಟ ಬಂದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಮಂಚಗಳು ಬರುತ್ತವೆ. ಎಷ್ಟು ಮಂಚ, ಯಾರ ಜಾಗದಲ್ಲಿ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಬಹುದು ಎಂಬುದು ಪಾರೋಸ್‌ನಿಂದ ಕಲಿಯಬಹುದಾದ ಪಾಠ.

ಸಂಜೆಯಾಯಿತು. ಮೆಲ್ಟೆಮಿ ಸ್ವಲ್ಪ ತಗ್ಗಿದೆ. ನೀರಂಚಿನ ಕಲ್ಲಂಗಡಿಯನ್ನು ಎತ್ತಿ ತಂದು ಹೋಳು ಮಾಡಿ ಹಂಚುತ್ತಾರೆ. ಪಕ್ಕದ ಟವಲಿನಲ್ಲಿ ಕೂತ ಅಪರಿಚಿತರಿಗೂ ಒಂದೆರಡು ಹೋಳು ಹೋಗುತ್ತದೆ. ನೌಸಿಕಾಳ ಸಖಿಯರು ಬಟ್ಟೆ ಮಡಚಿ ಬಂಡಿಗೆ ತುಂಬಿದಂತೆ ಇವರೂ ಟವಲು ಕೊಡವಿ ಮಡಚುತ್ತಾರೆ. ಊರಿನ ಕಡೆಯ ಬಸ್ಸು ಹೊರಡುವ ಹೊತ್ತಿಗೆ ಮರಳಿನ ಮೇಲೆ ಅವರು ಮಲಗಿದ್ದ ಗುರುತು ಮಾತ್ರ ಉಳಿದಿರುತ್ತದೆ. ನಾಳೆ ಆ ಜಾಗ ಮತ್ತೊಬ್ಬರದು.